ಬೈಲಹೊಂಗಲದಾಗ ಜೀಪು ನೋಡಿದ್ದು

ಕೇಳ್ರೆ ಗೆಳತ್ಯಾರ, ಇವತ್ತ ಬೈಲಹೊಂಗಲಕ್ಕ ಮಿಲಿಟರಿ ಹರಾಜಿನ ಜೀಪೊಂದು ನೋಡಾಕ ಹೋಗಿದ್ದೆ. ನಾನು ಹೆರಿಗಿ ಡಾಕ್ಟರು. ಹಳ್ಳಿ ಕೆಸರಿನಾಗ ಗಾಡಿ ನಿಂತ್ರ ಎರಡು ಜೀವ ಹೋಗತಾವ.

ಮಾರೋ ದಲ್ಲಾಳಿ ನನ್ನ ಬಿಟ್ಟು ಜೋಡಿ ಬಂದಿದ್ದ ನಮ್ಮ ಯಜಮಾನರಿಗೆ ಹೇಳಿದ: "ನಾಲ್ಕೂ ಗಾಲಿ ಎಳೀತಾವ್ರಿ ಸಾಹೇಬ್ರ. ಹೆಣ್ಮಕ್ಕಳಿಗೆ ಇದೆಲ್ಲಾ ತಿಳಿಯಂಗಿಲ್ಲ ಬಿಡ್ರಿ."

ಅವನ್ನ ಬಾಜೂಕ ಕುಂದರಿಸಿಕೊಂಡು ನಾನೇ ಓಡಿಸಿ ಸಂಪಗಾಂವ ಹಾದಿಯ ಹಸಿ ಎರಿ ಹೊಲದ ಕರಿ ಕೆಸರಿಗೆ ಇಳಿಸಿದೆ. ಹಿಂದಿನ ಎರಡು ಗಾಲಿ ಅಷ್ಟೇ ತಿರಗಿದ್ವು, ಜೀಪು ಹುಗೀತು. ಬಗ್ಗಿ ನೋಡಿದ್ರ ಮುಂದಿನ ಗಾಲಿ ತಿರಗಸೋ ಶಾಫ್ಟೇ ಇಲ್ಲ!

"ಪೆಟ್ರೋಲ್ ತುಟ್ಟಿ ಆಗೇತಲ್ರಿ, ಅದಿದ್ರ ಬಾಳ ಕುಡೀತೈತಿ, ತಗದಿಟ್ಟೇವಿ," ಅಂದ.

"ಹಂಗಾರ ನೀವೇ ಇಳದು ನೂಕ್ರಿ," ಅಂದೆ.

ಅಂವ ಹಿಂದಿಂದ ನೂಕಿದ, ನಾನು ಜೋರಾಗಿ ಎಕ್ಸಿಲೇಟರ್ ಒತ್ತಿದೆ. ಜೀಪು ಬ್ಯಾಡ ಅಂದು ಬಂದೆ. ಆದ್ರ ಅವನ ಬಿಳಿ ಧೋತರ ಕರ್ರಗಾಗಿದ್ದು ನೋಡಾಕರ ನೀವೂ ಬರಬೇಕಿತ್ತು ಬಿಡ್ರೆ.