ಏಡಿ ಪುಸ್ತಕದ ಸೊನ್ನೆಗಳು

ರಿಟೈರ್ ಆದ ಮೇಲೆ ಮಂಗಳೂರಿನ ಬಿಜೈಯ ನಮ್ಮ ಮನೆಯ ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ಥೀಸಿಸ್‌ಗಳೇ ಹೆಚ್ಚು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಪಿಎಚ್‌ಡಿ ಪ್ರಬಂಧದ ಇಂಗ್ಲಿಷ್ ತಿದ್ದಿಕೊಡಿ ಎಂದು ಬಂದ. ಅವನು ಇನ್ನೊಬ್ಬರಿಗೆ ಹೇಳಿದ, ಅವರು ಮತ್ತೊಬ್ಬರಿಗೆ. ಹತ್ತು ಹನ್ನೆರಡು ವರ್ಷಗಳಲ್ಲಿ ನಾನು ಓದದ ವಿಷಯವೇ ಇಲ್ಲ ಎನ್ನಬಹುದು. ಅರ್ಥವಾದದ್ದೆಷ್ಟು ಎಂದು ಮಾತ್ರ ಕೇಳಬಾರದು.

ಆ ಮೊದಲನೆಯವನು ಕಾಂಕ್ರೀಟಿನವನು. ಸಿಮೆಂಟಿಗೆ ಭತ್ತದ ಹೊಟ್ಟಿನ ಬೂದಿ ಬೆರೆಸಿ ಗಟ್ಟಿ ಮಾಡಿ, ಇಪ್ಪತ್ತೆಂಟು ದಿನ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಮೆಷಿನ್ನಿಗೆ ಕೊಟ್ಟು ಒಡೆಯುವುದು ಅವನ ಕೆಲಸ. ಅಷ್ಟು ಚಂದ ಮಾಡಿ ಒಡೆಯುವುದೇಕೆ ಎಂದು ಕೇಳಿದ್ದೆ. "ಒಡೆಯದೆ ಗೊತ್ತಾಗೋದು ಹೇಗೆ ಟೀಚರ್?" ಎಂದ.

ಆಮೇಲೆ ಬಂದವಳು ಬ್ಯಾರಿ ಅಜ್ಜಿಯಂದಿರ ಜೋಗುಳ ಸಂಗ್ರಹಿಸುವವಳು. ಮಡಿಲಲ್ಲಿ ಮಗುವಿಲ್ಲದೆ ಹಾಡು ಬರುವುದಿಲ್ಲ ಎಂದು ಒಬ್ಬ ಅಜ್ಜಿ ಹಟ ಹಿಡಿದರಂತೆ. ಮರುವಾರ ಇವಳು ತಂಗಿಯ ಮಗುವನ್ನೇ ಎತ್ತಿಕೊಂಡು ಹೋದಳು. ಅಜ್ಜಿ ಹಾಡತೊಡಗಿದರು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಮಗು ಮಲಗಿತು, ಹಾಡು ನಿಂತಿತು. ಮಲಗಿದ ಮಗುವಿಗೆ ಜೋಗುಳ ಯಾಕೆ ಎಂದು ಅಜ್ಜಿ ಎದ್ದು ಒಳಗೆ ಹೋದರು. 'ಮಗು ನಿದ್ರಿಸಿದ್ದರಿಂದ ಹಾಡು ಅಪೂರ್ಣ' ಎಂದು ಥೀಸಿಸ್‌ನಲ್ಲಿ ಫುಟ್‌ನೋಟ್ ಇತ್ತು. ಅದನ್ನು ಓದಿ ನಾನು ಕೆಂಪು ಪೆನ್ನು ಕೆಳಗಿಟ್ಟೆ. ಎಷ್ಟು ಪ್ರಾಮಾಣಿಕವಾದ ವಾಕ್ಯ.

ನಂತೂರಿನ ಬಳಿ ಲಾರಿ ಡ್ರೈವರುಗಳ ನಿದ್ದೆ ಅಳೆಯುವವನೊಬ್ಬ ಬಂದ. ಗಣಿತದವನು ತಂದ ಥೀಸಿಸ್ ನನ್ನ ಪ್ರಾರ್ಥನೆ ಪುಸ್ತಕಕ್ಕಿಂತ ತೆಳ್ಳಗಿತ್ತು. ಅದರಲ್ಲಿ ನನಗೆ ತಿಳಿದದ್ದು ಕಾಮಾಗಳು ಮಾತ್ರ. ಲೋಕದಲ್ಲಿ ಇದನ್ನು ಓದುವವರು ನಾಲ್ಕೈದು ಮಂದಿ ಇದ್ದಾರು, ಟೀಚರ್ ಸೇರಿದರೆ ಐದಾರು ಎಂದು ಅವನು ಸಂತೋಷದಿಂದಲೇ ಹೇಳಿದ.

ನನ್ನ ತಂಗಿ ಕುವೈತಿನಲ್ಲಿ ನರ್ಸ್ ಆಗಿದ್ದವಳು, ಈಗ ನನ್ನ ಜೊತೆಗೇ ಇದ್ದಾಳೆ. ನಮ್ಮ ಮನೆಮಾತು ಕೊಂಕಣಿ. ಅವಳ ಬಾಯಿಗೆ ಯಾವ ಭಾಷೆಯಾದರೂ ಒಂದೇ. "ಒಬ್ಬ ಕಲ್ಲು ಒಡೀತಾನೆ, ಒಬ್ಬಳು ಕಂಡವರ ಮಗು ಮಲಗಿಸ್ತಾಳೆ. ಇವರಿಗೆಲ್ಲ ಬೇರೆ ಕೆಲಸ ಇಲ್ವಾ ಅಕ್ಕಾ?" ಎನ್ನುತ್ತಾಳೆ. ನನಗೂ ಎಂ.ಎ. ಮಾಡುವ ಆಸೆಯಿತ್ತು, ಡ್ಯಾಡಿ ಬಿ.ಎಡ್. ಸಾಕು ಎಂದರು, ಸಾಕಾಯಿತು. ಒಂದು ಸಣ್ಣ ಸಂಗತಿಯ ಹಿಂದೆ ಐದು ವರ್ಷ ಹೋಗುವವರನ್ನು ಹತ್ತಿರದಿಂದ ನೋಡುವುದು ನನಗೆ ಈ ವಯಸ್ಸಿನಲ್ಲಿ ಸಿಕ್ಕಿದ ಗ್ರೇಸ್. ಅಂಥ ಒಬ್ಬಳ ಕೆಲಸವನ್ನೇ ನಾನು ಕೆಡಿಸಿದೆ.

ಅವಳು ಏಡಿಯವಳು. ತುಳು ಮನೆಯ ಹುಡುಗಿ, ನನ್ನದೇ ಶಾಲೆಯಲ್ಲಿ ಓದಿದವಳು. ಕೂಳೂರಿನಾಚೆ ನದಿಯಂಚಿನಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಒಂದು ಕೈ ಮಾತ್ರ ದೊಡ್ಡದಿರುವ ಸಣ್ಣ ಏಡಿಗಳಿರುತ್ತವೆ. ಎರಡು ವರ್ಷ, ತಿಂಗಳಿಗೆರಡು ಸಲ, ಕಡಲಿನ ಇಳಿತಕ್ಕೆ ನೀರಿಳಿದಾಗ ಎಂಟು ಜಾಗಗಳಲ್ಲಿ ಮರದ ಚೌಕಟ್ಟು ಇಟ್ಟು ಅದರೊಳಗೆ ಬರುವ ಏಡಿಗಳನ್ನು ಎಣಿಸಿದ್ದಳು. ಪೆನ್ನಿನ ಶಾಯಿ ನೀರಿಗೆ ಹರಡುತ್ತದೆಂದು ಎಲ್ಲವೂ ಪೆನ್ಸಿಲಿನಲ್ಲಿ. ಕೆಸರು ಮೆತ್ತಿದ ಆ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತೀರಾ ಎಂದು ಕೇಳಿದಳು. ಕಾನ್ವೆಂಟಿನಲ್ಲಿ ಕಲಿತ ಟೈಪಿಂಗ್ ನನ್ನ ಬೆರಳುಗಳಲ್ಲಿ ಇನ್ನೂ ಉಂಟು. ಒಪ್ಪಿದೆ.

ಪುಟಗಳಲ್ಲಿ ಗೆರೆ ಹಾಕಿದ ಚೌಕಗಳು. ಕೆಲವುಗಳಲ್ಲಿ ಹನ್ನೆರಡು, ಏಳು, ಕೆಲವುಗಳಲ್ಲಿ ಸೊನ್ನೆ. ಕೆಲವು ಖಾಲಿ. ನಮ್ಮ ಶಾಲೆಯಲ್ಲಿ ಹಾಜರಿ ರಿಜಿಸ್ಟರಿನ ಒಂದು ಚೌಕ ಖಾಲಿ ಬಿಟ್ಟರೂ ಮದರ್ ಸುಪೀರಿಯರ್ ಅದಕ್ಕೆ ಕೆಂಪು ಸುತ್ತು ಹಾಕಿ ಕರೆಸುತ್ತಿದ್ದರು. ಖಾಲಿ ಬಿಡುವುದೆಂದರೆ ಸೋಮಾರಿತನ, ಅಷ್ಟೆ. ಏಡಿ ಕಾಣದ ಕಡೆ ಹುಡುಗಿ ಅವಸರದಲ್ಲಿ ಬರೆಯದೆ ಬಿಟ್ಟಿದ್ದಾಳೆ ಎಂದುಕೊಂಡೆ. ಪೆನ್ಸಿಲನ್ನು ಚೂಪು ಮಾಡಿ, ಮೊದಲು ಪುಸ್ತಕದಲ್ಲೇ ಖಾಲಿ ಚೌಕಗಳಿಗೆಲ್ಲ ಸೊನ್ನೆ ತುಂಬಿಸಿದೆ. ಬೇರೆ ಕೈ ಎಂದು ಕಾಣಬಾರದೆಂದು ಅವಳದೇ ಅಳತೆಯಲ್ಲಿ ಬರೆದೆ. ಆಮೇಲೆ ಟೈಪ್ ಮಾಡಿದೆ. ಫೇರ್ ಕಾಪಿ ಎಂದರೆ ಹೀಗಿರಬೇಕು ಎಂದು ನನಗೇ ಹೆಮ್ಮೆಯಾಯಿತು.

ಎರಡು ವಾರ ಬಿಟ್ಟು ಅವಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಮುಖದಲ್ಲಿ ಗೊಂದಲ.

"ಟೀಚರ್, ಎರಡನೇ ಮಳೆಗಾಲದಲ್ಲಿ ಏಡಿಗಳು ಮಾಯ. ಗೈಡಿಗೆ ಖುಷಿಯೋ ಖುಷಿ, ದೊಡ್ಡ ಫೈಂಡಿಂಗ್ ಅಂತಾರೆ. ಆದ್ರೆ ಜುಲೈಯಲ್ಲಿ ನಾನು ಹೋಗಲೇ ಇಲ್ಲ. ಅಮ್ಮನಿಗೆ ಆಪರೇಷನ್ ಇತ್ತು. ಇಲ್ಲಿ ಜುಲೈಗೆ ಸೊನ್ನೆ ಉಂಟಲ್ಲ?"

"ಅದು ನಾನು ತುಂಬಿಸಿದ್ದು ಮಗಾ. ಖಾಲಿ ಇತ್ತು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಮೆಲ್ಲಗೆ, ನಾನು ದಡ್ಡ ಮಕ್ಕಳಿಗೆ ಹೇಳುತ್ತಿದ್ದ ಹಾಗೆಯೇ ಹೇಳಿದಳು: "ಸೊನ್ನೆ ಅಂದ್ರೆ ನಾನು ಹೋಗಿ ನೋಡಿದ್ದೇನೆ, ಏಡಿ ಇರ್ಲಿಲ್ಲ ಅಂತ. ಖಾಲಿ ಅಂದ್ರೆ ನಾನು ನೋಡಿಲ್ಲ ಅಂತ ಟೀಚರ್."

ನೋಟ್‌ಬುಕ್ಕಿನ ಫೋಟೋ ಇದ್ದ ಅವಳ ಹಳೆಯ ಫೋನು ಮೊದಲೇ ಅದೇ ನದಿಗೆ ಬಿದ್ದು ಹೋಗಿತ್ತು. ನಾವಿಬ್ಬರೂ ಭೂತಗನ್ನಡಿ ಹಿಡಿದು ಸೊನ್ನೆಗಳನ್ನು ಪರೀಕ್ಷಿಸುತ್ತಾ ಕುಳಿತೆವು. ನನ್ನ ಸೊನ್ನೆ ನನಗೆ ಗುರುತು ಸಿಗದೆ ಇರುತ್ತದೆಯೇ ಎಂಬ ಧೈರ್ಯ ನನಗೆ. ಆದರೆ ಅವಳಿಗೆ ಅಂಕಿ ತಿದ್ದಿಸಿದವಳೂ ನಮ್ಮದೇ ಶಾಲೆಯ ಟೀಚರು. ಮೇಲಿನಿಂದ ಶುರು, ಎಡಕ್ಕೆ ತಿರುವು, ಬಾಯಿ ಮುಚ್ಚಬೇಕು. ಎಲ್ಲವೂ ಒಂದೇ ಅಚ್ಚು. ಆಸ್ಪತ್ರೆಯ ದಿನಗಳನ್ನೂ ಮಳೆಯ ರೆಡ್ ಅಲರ್ಟ್ ಇದ್ದ ದಿನಗಳನ್ನೂ ಅವಳು ನೆನಪಿನಿಂದ ಬಿಡಿಸಿದಳು. ಉಳಿದ ಮೂವತ್ತೊಂದು ಸೊನ್ನೆ ಯಾರವು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ತಂಗಿ ಚಹಾ ತಂದಿಟ್ಟು ನೋಡಿದಳು. "ಗೈಡೇ ಖುಷಿಯಲ್ಲಿದ್ದಾರೆ ಅಲ್ವಾ? ಸೊನ್ನೆ ಇದ್ರೆ ಇರ್ಲಿ ಮಾರಾಯ್ತಿ. ಏಡಿ ಬಂದು ಕಂಪ್ಲೇಂಟ್ ಕೊಡ್ತದಾ?"

ಹುಡುಗಿ ನಕ್ಕಳು. "ಕೊಡೋದಿಲ್ಲ ಆಂಟಿ. ಆದ್ರೆ ನಾಳೆ ಯಾರಾದ್ರೂ ನನ್ನ ಥೀಸಿಸ್ ನೋಡಿ, ಅಲ್ಲಿ ಏಡಿಯೇ ಇಲ್ಲ, ಕಾಂಡ್ಲಾ ಕಡಿದ್ರೆ ಎಂತ ನಷ್ಟ ಅಂತ ಕೇಳ್ಬಹುದು. ಆಗ ನಾನು ಎಂತ ಹೇಳ್ಲಿ?"

ತಂಗಿ ಬಿಸ್ಕತ್ತಿನ ಡಬ್ಬಿಯನ್ನು ಅವಳ ಕಡೆ ಸರಿಸಿದಳು.

ಮಾರನೆಯ ದಿನ ಅವಳು ಗೈಡ್ ಬಳಿ ಹೋಗಿ ಎಲ್ಲ ಹೇಳಿದಳು. ನಾನೂ ಜೊತೆಗೆ ಹೋಗಿ ತಪ್ಪು ನನ್ನದೆಂದು ಹೇಳುತ್ತೇನೆ ಎಂದರೆ ಬೇಡವೆಂದಳು. ಪುಸ್ತಕ ತನ್ನದು, ಇನ್ನೊಂದು ಕಾಪಿ ಇಟ್ಟುಕೊಳ್ಳದೆ ಕೊಟ್ಟದ್ದು ತನ್ನ ತಪ್ಪು ಎಂದಳು. ಸಂಶಯದ ಸೊನ್ನೆಗಳನ್ನೆಲ್ಲ ಬಿಟ್ಟರೆ ಎರಡನೇ ಮಳೆಗಾಲವೇ ಉಳಿಯುವುದಿಲ್ಲ. ಇನ್ನೊಂದು ಮಳೆಗಾಲ ಪೂರ್ತಿ ಎಣಿಸಬೇಕು, ಅದಕ್ಕೆ ರಿಜಿಸ್ಟ್ರೇಷನ್ ಮುಂದೂಡಲು ಅರ್ಜಿ ಹಾಕಬೇಕು. ಜೂನಿಗೆಂದು ಅವಳಿಗಾಗಿ ಹಿಡಿದಿಟ್ಟ ಕಾಲೇಜಿನ ಕೆಲಸ ಬೇರೆಯವರಿಗೆ ಹೋಯಿತು. ಇದನ್ನು ಅವಳು ನನಗೆ ಹೇಳಲಿಲ್ಲ, ಅವಳ ಅಮ್ಮನಿಂದ ಗೊತ್ತಾಯಿತು. ಆ ರಾತ್ರಿ ಜಪಮಾಲೆ ಕೈಯಲ್ಲಿದ್ದರೂ ನನಗೆ ಪ್ರಾರ್ಥನೆ ಬರಲಿಲ್ಲ.

ಅವಳ ಹೊಸ ಡ್ರಾಫ್ಟ್ ತಿದ್ದಲು ಬಂದಾಗ ಅದರಲ್ಲಿ ಒಂದು ಪ್ಯಾರಾ ಇತ್ತು. ಇಂತಿಷ್ಟು ದಾಖಲೆಗಳಲ್ಲಿ 'ನೋಡಿಲ್ಲ' ಮತ್ತು 'ಕಾಣಲಿಲ್ಲ' ಎಂಬುದನ್ನು ಬೇರ್ಪಡಿಸಲು ಸಾಧ್ಯವಾಗದ ಕಾರಣ ಅವುಗಳನ್ನು ಕೈಬಿಡಲಾಗಿದೆ ಎಂದು. ನನ್ನ ಹೆಸರಿಲ್ಲ, ಸಬೂಬೂ ಇಲ್ಲ. ಅದರಲ್ಲಿ ತಿದ್ದಲು ನನಗೆ ಒಂದು ಕಾಮಾ ಕೂಡ ಸಿಗಲಿಲ್ಲ.

ಜೂನ್ ಎರಡನೇ ವಾರ ನಾನು ಅವಳಿಗೆ ಫೋನ್ ಮಾಡಿ, ಬರೆಯಲು ಒಬ್ಬರು ಜೊತೆಗಿದ್ದರೆ ನಿನಗೆ ಎಣಿಸಲು ಸುಲಭವಲ್ಲವೇ ಎಂದೆ. "ಕೆಸರು ಟೀಚರ್, ನಿಮ್ಮ ಮೊಣಕಾಲು?" ಎಂದಳು. ದಡದಲ್ಲಿ ಸ್ಟೂಲ್ ಹಾಕಿ ಕುಳಿತುಕೊಳ್ಳುತ್ತೇನೆ ಎಂದೆ. ತಂಗಿ ನನಗೆ ರೈನ್‌ಕೋಟ್ ತೊಡಿಸುತ್ತಾ, ಎಪ್ಪತ್ತೆರಡಕ್ಕೆ ಪಿಎಚ್‌ಡಿ ಶುರು ಎಂದು ನೆರೆಮನೆಗೆ ಕೇಳುವಂತೆ ಹೇಳಿದಳು.

ಎಣಿಕೆ ಎಂದರೆ ಏನೆಂದು ಅಲ್ಲಿ ಕುಳಿತ ಮೇಲೆ ತಿಳಿಯಿತು. ಮನುಷ್ಯರ ನೆರಳು ಬಿದ್ದರೆ ಸಾಕು, ಏಡಿಗಳು ಬಿಲದೊಳಗೆ. ಚೌಕಟ್ಟು ಇಟ್ಟು ಹಿಂದೆ ಸರಿದು ಹದಿನೈದು ನಿಮಿಷ ಅಲುಗಾಡದೆ ನಿಲ್ಲಬೇಕು. ಸೊಳ್ಳೆ ಕಚ್ಚಿದರೂ ಕೈ ಎತ್ತುವಂತಿಲ್ಲ. ಮೊದಲ ಜಾಗದಲ್ಲಿ ಒಂಬತ್ತು ಬಂದವು, ದೊಡ್ಡ ಕೈಯನ್ನು ಎತ್ತಿ ಇಳಿಸುತ್ತಾ, ಯಾರನ್ನೋ ಕರೆಯುವ ಹಾಗೆ. ಎರಡನೆಯದರಲ್ಲಿ ನಾಲ್ಕು. ಮೂರನೆಯದರಲ್ಲಿ ಹದಿನೈದು ನಿಮಿಷವೂ ಕಳೆಯಿತು, ಬಿಲಗಳ ಬಾಯಲ್ಲಿ ಏನೂ ಕಾಣಲಿಲ್ಲ. ಅವಳು ಮತ್ತೆ ಎರಡು ನಿಮಿಷ ನಿಂತಳು. ಬೆನ್ನು ನೆನೆದಿತ್ತು.

"ಬರೀರಿ ಟೀಚರ್, ಸೊನ್ನೆ."

ಬರೆದೆ. ಅಷ್ಟು ಕಷ್ಟಪಟ್ಟು ಸಿಕ್ಕಿದ ಅಂಕಿಯನ್ನು ನಾನು ಅಂದು ಮೇಜಿನ ಮುಂದೆ ಕುಳಿತು ಸಾಲುಸಾಲಾಗಿ ಹಂಚಿಬಿಟ್ಟಿದ್ದೆ.

ನಾಲ್ಕನೆಯ ಜಾಗದಲ್ಲಿ ನೀರು ಇಳಿದಿರಲಿಲ್ಲ. ಕಾದೆವು. ಮೇಲಿನಿಂದ ನದಿ ತುಂಬಿ ಬರುತ್ತಿತ್ತು, ಕೆಂಪು ನೀರು. ಅವಳು ತಲೆ ಅಲ್ಲಾಡಿಸಿ ಚೌಕಟ್ಟನ್ನು ಹೆಗಲಿಗೇರಿಸಿದಳು. ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು, ಎದುರಿಗೆ ಖಾಲಿ ಚೌಕ. ಅದನ್ನು ಹಾಗೆಯೇ ಬಿಟ್ಟು, ಅಂಚಿನಲ್ಲಿ 'ನೀರು ಇಳಿಯಲಿಲ್ಲ' ಎಂದು ಬರೆದು, ಪುಸ್ತಕವನ್ನು ಅವಳ ಕಡೆಗೆ ಹಿಡಿದೆ. ಅವಳು ಓದಿ, ಹೊಸ ಫೋನು ತೆಗೆದು ಪುಟದ ಫೋಟೋ ಹಿಡಿದುಕೊಂಡಳು. ಆಮೇಲೆ ಸ್ಟೂಲನ್ನು ತಾನೇ ಎತ್ತಿಕೊಂಡು, ಐದನೆಯ ಜಾಗಕ್ಕೆ ದಾರಿ ತೋರಿಸುತ್ತಾ ಮುಂದೆ ನಡೆದಳು.