ಗ್ಯಾಸ್ ಮೇಲೆ ಮರೆತ ಉಳಿ

ಮುಂಬಯಿಯ ನಮ್ಮ ಚೆಂಬೂರಿನ ಮನೆಯಲ್ಲಿ ಕಳೆದ ವಾರ ಗ್ಯಾಸ್ ಮೇಲೆ ದೋಸೆ ಹೆಂಚಿನ ಬದಲು ಕಬ್ಬಿಣದ ಉಳಿ ಕಾಯುತ್ತಿತ್ತು. ನಗಬೇಡಿ. ಬಾತ್‌ರೂಮ್ ರಿಪೇರಿ ಮಾಡಿಸಿದವರಿಗೆ ಗೊತ್ತು, ಆ ದಿನಗಳಲ್ಲಿ ಅಡುಗೆಮನೆಯಲ್ಲೂ ಕೆಲಸದವರದೇ ಯಜಮಾನಿಕೆ.

ಹಳೆಯ ಟೈಲ್ಸ್ ಒಡೆಯಲು ಬಂದವನು ಕಲಬುರ್ಗಿ ಕಡೆಯ ಮಲ್ಲಪ್ಪ. ಉಳಿ ಮೊಂಡಾಗಿತ್ತು. "ಅಕ್ಕಾರ, ಜರಾ ಗ್ಯಾಸ್ ಮ್ಯಾಲ ಇಟ್ಟೀನ್ರಿ. ತುದಿ ಕೆಂಪಾದ ಕೂಡ್ಲೇ ಕರೀರಿ, ಬಡದು ಚೂಪ್ ಮಾಡ್ತೀನಿ" ಎಂದವನೇ ಮಣ್ಣು ಇಳಿಸಲು ಕೆಳಗೆ ಹೋದ. ಅಷ್ಟರಲ್ಲಿ ಬೊರಿವಲಿಯ ತಂಗಿಯ ಫೋನ್. (ನಮ್ಮಿಬ್ಬರ ಫೋನ್ ಎಂದರೆ ನಿಮಗೆ ಗೊತ್ತೇ ಇದೆ.) ನೆನಪಾಗಿ ಓಡಿದಾಗ ಉಳಿ ಕೆಂಪಾಗಿ ಯಾವ ಕಾಲವಾಗಿತ್ತೋ!

ಕೂಗಿದೆ. ಮಲ್ಲಪ್ಪ ಬಂದ. ಬಡಿದ, ನೀರಿಗೆ ಅದ್ದಿದ, ಕೆಲಸಕ್ಕೆ ಕೂತ. ಮೂರನೇ ಏಟಿಗೆ ಉಳಿ ಫಟ್ಟನೆ ಮುರಿಯಿತು. ತುಂಡು ಹಾರಿ ಬಡಿದ ರಭಸಕ್ಕೆ ಹೊಸ ವಾಶ್‌ಬೇಸಿನ್ ಬಿರುಕು ಬಿಟ್ಟಿತು. "ಸೇಠ್ ಕೆಲಸದಿಂದ ತೆಗೀತಾನ್ರಿ" ಎಂದ. ತಪ್ಪು ನನ್ನದೇ?

ಲೋಹಶಾಸ್ತ್ರ ಓದುತ್ತಿರುವ ತಂಗಿಯ ಮಗಳಿಗೆ ವಿಡಿಯೋ ಕಾಲ್ ಮಾಡಿದೆ.

"ದೊಡ್ಡಮ್ಮಾ, ಸ್ಟೀಲ್ ಒಳಗೆ ಪುಟ್ಟ ಪುಟ್ಟ ಗ್ರೇನ್ಸ್, ಹರಳಿನಂಥವು, ಇರ್ತವೆ. ಜಾಸ್ತಿ ಹೊತ್ತು ಕಾಯ್ಸಿದ್ರೆ ದೊಡ್ಡದಾಗ್ತವೆ, ಸ್ಟೀಲ್ ವೀಕ್."

ಅಂದರೆ ನಾನೇ!

"ಲೇಕಿನ್ ಬೇರೆ ಎಲಿಮೆಂಟ್ ಸ್ವಲ್ಪ ಸೇರಿದ್ರೆ, ಅದು ಎರಡು ಗ್ರೇನ್ಸ್ ನಡುವಿನ ಬೌಂಡರಿಗೆ ಹೋಗಿ ಕೂತ್ಕೊಳ್ಳತ್ತೆ. ಬೆಳೆಯೋಕೇ ಬಿಡಲ್ಲ. ಸ್ಟ್ರಾಂಗ್ ಆಗೇ ಇರತ್ತೆ."

ಹಾಗಾದರೆ ನಾನಲ್ಲ?

"ಫಾಸ್ಫರಸ್ ಕೂತ್ರೆ ಮಾತ್ರ ಉಲ್ಟಾ. ಆ ಬೌಂಡರಿಯಲ್ಲೇ ಬಿರುಕು."

ಅಯ್ಯೋ ರಾಮಾ! ಅಂಚಿನಲ್ಲಿ ಕೂತವರು ಕಾಪಾಡುತ್ತಾರೋ, ಕೆಡಿಸುತ್ತಾರೋ? "ಯಾರು ಕೂತಿದ್ದಾರೆ ಅನ್ನೋದರ ಮೇಲೆ. ಮೈಕ್ರೋಸ್ಕೋಪಲ್ಲಿ ನೋಡದೆ ಹೇಳಕ್ಕಾಗಲ್ಲ" ಎಂದು ಹುಡುಗಿ ಫೋನ್ ಇಟ್ಟಳು.

"ಹಂಗಾರ ತಪ್ಪು ನಂದಲ್ಲೇನ್ರಿ?" ಮಲ್ಲಪ್ಪ ಕೇಳಿದ. ನನ್ನ ತಲೆಯೇ ಗಿರ್ರೆನ್ನುತ್ತಿತ್ತು.

ಸಂಜೆ ಮಲ್ಲಪ್ಪನ ಸೇಠ್, ಅಂದರೆ ಕಾಂಟ್ರಾಕ್ಟರ್, ಬಂದ. ಅವನಿಗೆ ಗೊಂದಲವೇ ಇಲ್ಲ. ಯಾರ ಕೈಯಲ್ಲಿ ಮುರಿಯಿತು, ಅಷ್ಟೇ ಅವನ ಪ್ರಶ್ನೆ. ಮಲ್ಲಪ್ಪ ತಲೆ ತಗ್ಗಿಸಿದ. "ಕಲ್ ಸೇ ಮತ್ ಆನಾ" ಎಂದ ಕಾಂಟ್ರಾಕ್ಟರ್; ನಾಳೆಯಿಂದ ಬರುವುದು ಬೇಡ. ನನ್ನ ಫೋನಿನ ಕಥೆಯನ್ನು ಮಲ್ಲಪ್ಪ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಉಳಿ ಯಾಕೆ ಮುರಿಯಿತು ಅಂತ ಅರ್ಥವೇ ಆಗಿಲ್ಲ ಎಂದು ಈಗಲೂ ಎಲ್ಲರಿಗೂ ಹೇಳುತ್ತಿದ್ದೇನೆ. ಇದು ಗೊಂದಲವೋ, ಅನುಕೂಲವೋ?