ಚಿಮ್ಮನಚೋಡದಿಂದ ಕಿತ್ತು ತಂದ ತಂಗಡಿ

ನನ್ನ ಕೈಗುಣ ನಮ್ಮ ಓಣಿಗೆಲ್ಲ ಗೊತ್ತು. ದಾಸವಾಳ ಹಚ್ಚಿದೆ, ಒಣಗಿತು. ಗುಲಾಬಿ ತಂದೆ, ಅದು ನನ್ನ ಮುಖ ನೋಡಿಯೇ ಒಣಗಿತು. ಕೊನೆಗೆ ಕಳ್ಳಿಯನ್ನೂ ಕೊಂದೆ. ಕಳ್ಳಿ ಕೊಲ್ಲುವುದಕ್ಕೆ ನಿಜವಾಗಿಯೂ ಪ್ರತಿಭೆ ಬೇಕು.

ಶಹಾಬಾದಿನಲ್ಲಿ ಅಂಗಳವೆಂದರೆ ಪರಸಿ ಕಲ್ಲಿನ ಹಾಸು. ನಮ್ಮ ಮನೆಯಲ್ಲಿ ನಲ್ಲಿಯ ಪಕ್ಕ ಒಂದು ಚಾಪೆಯಷ್ಟು ಮಣ್ಣು ಉಳಿದಿತ್ತು. ಅದಕ್ಕೂ ಪರಸಿ ಹಾಕಿಸಿ ಮೋಟರ್‌ಸೈಕಲ್ ನಿಲ್ಲಿಸಬೇಕೆಂದು ಅಪ್ಪನ ಹಟ. ಒಂದಾದರೂ ಹಸಿರು ಇರಲಿ ಎಂದು ಅವ್ವನ ಹಟ. ಮಳೆಗಾಲ ಶುರುವಾಗುವ ಮಿರಗದ ಮಳೆಯೊಳಗೆ ಅಲ್ಲಿ ಏನಾದರೂ ಚಿಗುರಿದರೆ ಸರಿ, ಇಲ್ಲದಿದ್ದರೆ ಕಲ್ಲು ಎಂದು ಅಪ್ಪ ತೀರ್ಪು ಕೊಟ್ಟ. ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ. ಅವ್ವ ಹಣೆ ತಟ್ಟಿಕೊಂಡಳು.

ಹಾಗಾಗಿ ಕೊಂದರೂ ಸಾಯದ ಗಿಡ ಹುಡುಕಿದೆ. ತಂಗಡಿ. ನೀರಿಲ್ಲದ ಕಲ್ಲುನೆಲದಲ್ಲಿ, ಆಡು ಕೂಡ ಮೂಸಿ ಬಿಟ್ಟುಹೋಗುವ, ವರ್ಷವಿಡೀ ಹಸಿರಾಗಿ ಹಳದಿ ಹೂ ಬಿಡುವ ಗಿಡ. ಎಲ್ಲರೂ ಅದನ್ನು ಕಡಿದು ಬಿಸಾಡುತ್ತಾರೆ, ಹಚ್ಚಲು ಹೊರಟವನು ಜಿಲ್ಲೆಗೆ ನಾನೊಬ್ಬನೇ. ರೈಲು ಹಳಿಯ ಪಕ್ಕದಲ್ಲೇ ಬೇಕಾದಷ್ಟಿತ್ತು. ಆದರೆ ಚಿಮ್ಮನಚೋಡಕ್ಕೆ ಸೋದರಮಾವನ ಮನೆಗೆ ಹೋದಾಗ ಹೊಲದ ಮೂಲೆಯಲ್ಲಿ ಎದೆಯೆತ್ತರದ್ದೊಂದು ಕಂಡಿತು. ಸುತ್ತ ಜೋಳದ ಕೂಳೆ ಬೆಳ್ಳಗೆ ಒಣಗಿತ್ತು, ಅದೊಂದು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ಹಸಿರಾಗಿತ್ತು. ಮಾವ ಊರೊಳಗಿದ್ದ. ಗುದ್ದಲಿ ತಂದು ಅಗೆದೆ. ತಾಯಿಬೇರು ಇಳಿಯುತ್ತಲೇ ಹೋಯಿತು. ಮೊಣಕಾಲುದ್ದ ಅಗೆದು ಬೇಸತ್ತು ಕಡಿದುಬಿಟ್ಟೆ. ಆಗ ಗುಂಡಿಯೊಳಗಿಂದ ತಣ್ಣನೆಯ ಗಾಳಿ ಬಂದು ಕೈಗೆ ತಾಗಿತು. ಮಟಮಟ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಪುಕ್ಕಟೆ ಎಸಿ ಸಿಕ್ಕಿತೆಂದು ಗುಂಡಿಗೆ ಮುಖ ಒಡ್ಡಿ ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದೆ.

ಗಿಡವನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದು ಹಚ್ಚಿದೆ. ಅವ್ವ ಖುಷಿಯಿಂದ ಚೊಂಬಿನಲ್ಲಿ ನೀರು ಹಾಕುತ್ತ, ಎಲ್ಲಿಂದ ತಂದಿ ಎಂದು ಕೇಳಿದಳು. ಹೊಲದ್ದು, ಬೇವಿನ ಮರದ ಕಡೆಯ ಮೂಲೆ ಎಂದೆ. ಅವಳು ಚೊಂಬು ಕೆಳಗಿಟ್ಟಳು.

"ಅಲ್ಲಿ ನಮ್ಮಪ್ಪ ಕುಂತಾನಲ್ಲೋ, ಖೋಡಿ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ನೆಲದೊಳಗೆ ಕೊರೆದ ಗೂಡಿನಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಅಜ್ಜ ಹೋದಾಗ ನಾನು ತೀರ ಚಿಕ್ಕವ. ಗದ್ದುಗೆ ಕಟ್ಟಿಸಿರಲಿಲ್ಲ, ಮಣ್ಣಿನ ದಿಬ್ಬ ಮಳೆಗೆ ಕರಗಿ ಹೊಲದ ಜೊತೆ ಒಂದಾಗಿತ್ತು. ಅಂದರೆ ನಾನು ಅಜ್ಜನ ನೆತ್ತಿಯ ಮೇಲೆ ಗುದ್ದಲಿ ಹಾಕಿ, ಅವನ ಕೋಣೆಯೊಳಗೆ ಮುಖ ತೂರಿಸಿ ಗಾಳಿ ತಗೊಂಡಿದ್ದೆ.

ಅವ್ವ ಫೋನ್ ಮಾಡಿ ಮಾವನಿಂದ ಗುಂಡಿ ಮುಚ್ಚಿಸಿದಳು. ಗಿಡ ವಾಪಸ್ಸು ತರಲು ಅವನು ಹೇಳಿದ. ಇನ್ನೊಮ್ಮೆ ಕಿತ್ತರೆ ಉಳಿಯುವುದಿಲ್ಲ ಎಂದು ಅವಳು ಒಪ್ಪಲಿಲ್ಲ. ಫೋನಿಟ್ಟು ನನಗೆ ಹೇಳಿದಳು: "ಮಗಳ ಮನಿಗಿ ಬಂದಾನ. ನನ್ನ ಅಂಗಳದಾಗ ಸಾಯಬಾರದು, ನೋಡು."

ಆಮೇಲೆ ಆ ಗಿಡ ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಒಂದು ಎಲೆ ಉದುರಲಿಲ್ಲ, ಒಂದು ಎಲೆ ಚಿಗುರಲಿಲ್ಲ. ಓಣಿಯ ಗಿಡಗಳೆಲ್ಲ ಕಲ್ಲಿನ ದೂಳು ಮೆತ್ತಿಕೊಂಡು ಹಿಟ್ಟಿನ ಗಿರಣಿಯಿಂದ ಬಂದವರಂತೆ ನಿಂತಿದ್ದರೆ, ಇದು ಮಾತ್ರ ಸ್ವಚ್ಛವಾಗಿರುತ್ತಿತ್ತು. ಅವ್ವ ಒರೆಸುತ್ತಾಳೆಂದು ನಾನು ಅಂದುಕೊಂಡಿದ್ದೆ. ನಾನು ಒರೆಸುತ್ತೇನೆಂದು ಅವ್ವ ಅಂದುಕೊಂಡಿದ್ದಳು. ಇಬ್ಬರಿಗೂ ಇದು ಗೊತ್ತಾದ ದಿನ ಇಬ್ಬರೂ ಊಟ ಕಡಿಮೆ ಮಾಡಿದೆವು.

ತಂಗಡಿಗೆ ನೀರೇ ಬೇಡ. ಆದರೂ ಹೆದರಿಕೆಗೆ ನಾನು ಬಕೆಟ್‌ಗಟ್ಟಲೆ ಸುರಿದೆ. ನೀರು ನಿಲ್ಲುತ್ತಿರಲಿಲ್ಲ. ಕೆಳಗೆ ಪದರ ಪದರ ಕಲ್ಲು, ಸಂದಿಯಲ್ಲಿ ಇಳಿಯುತ್ತದೆ ಎಂದು ನನಗೆ ನಾನೇ ವಿಜ್ಞಾನ ಹೇಳಿಕೊಂಡೆ. ಆದರೆ ಶಬ್ದ ಇಳಿಯುವ ನೀರಿನದಾಗಿರಲಿಲ್ಲ. ಒಂದು ಗುಟುಕು, ಸ್ವಲ್ಪ ಬಿಡುವು, ಮತ್ತೊಂದು ಗುಟುಕು. ಅವ್ವ ಕಿವಿಗೊಟ್ಟು ಕೇಳಿ, ಅಜ್ಜ ಹೊಲದಿಂದ ಬಂದಾಗ ಹೀಗೇ ಕುಡಿಯುತ್ತಿದ್ದ ಎಂದಳು. ಅಂದಿನಿಂದ ನಾನು ಅಲ್ಲಿ ಹಲ್ಲುಜ್ಜಿ ಉಗುಳುವುದನ್ನು ಬಿಟ್ಟೆ. ಹಾದುಹೋಗುವಾಗ, ಮಡಚಿ ಕಟ್ಟಿದ ಲುಂಗಿ ಕೆಳಗಿಳಿಸುತ್ತಿದ್ದೆ. ಹಿರಿಯರ ಮುಂದೆ ಮೊಣಕಾಲು ತೋರಿಸಬಾರದಲ್ಲ.

ಮಿರಗದ ಮಳೆ ಬಂತು. ಚಿಗುರು ಬರಲಿಲ್ಲ. ಬೆಳಿಗ್ಗೆಯೇ ಅಪ್ಪ ಪರಸಿ ಹಾಕುವವನನ್ನು ಕರೆತಂದ. ಅವ್ವ ಬಾಗಿಲಲ್ಲಿ ನಿಂತಳು. ಮಾತು ಕೊಟ್ಟಾಗಿತ್ತು, ತಡೆಯುವಂತಿರಲಿಲ್ಲ, ಸೆರಗನ್ನು ಮಾತ್ರ ಮುಷ್ಟಿಯಲ್ಲಿ ಹಿಂಡಿಕೊಂಡಿದ್ದಳು. ಬೇರಿಲ್ಲದ ಗಿಡ, ಒಂದೇ ಜಗ್ಗಿಗೆ ಬರುತ್ತದೆ ಎನ್ನುತ್ತ ಅಪ್ಪ ಬುಡ ಹಿಡಿದು ಎಳೆದ. ಬೇರು ಕಡಿದವನು ನಾನು, ಬರಲೇಬೇಕಿತ್ತು. ಗೇಣಿನಷ್ಟು ಮೇಲೆ ಬಂತು. ಅಲ್ಲಿ ನಿಂತಿತು. ಆಮೇಲೆ ಅಪ್ಪನ ಮುಷ್ಟಿಯ ಸಮೇತ, ಅವಸರವಿಲ್ಲದೆ, ಕೆಳಗಿಳಿಯಿತು.

ಅಪ್ಪ ಕೈಬಿಟ್ಟ. ಅಂಗೈ ನೋಡಿಕೊಂಡ. ನನಗೊಂದು ಚೇಷ್ಟೆಯ ಮಾತು ಹೊಳೆದಿತ್ತು, ಅದನ್ನು ಬಿಟ್ಟು ಲುಂಗಿ ಕೆಳಗಿಳಿಸಿದೆ.

ಇದ್ಯಾವುದೂ ಗೊತ್ತಿಲ್ಲದ ಪರಸಿಯವನು ಕೇಳಿದ: "ಗಿಡದ ಸುತ್ತ ಎಷ್ಟು ಜಾಗಾ ಬಿಡ್ಲಿರಿ, ಸಾವ್ಕಾರ್ರ?"

ಅಪ್ಪ ಅಂಗೈಯ ಮಣ್ಣು ಒರೆಸಿಕೊಂಡ.

"ಒಬ್ರು ಆರಾಮ ಕುಂದ್ರೂವಷ್ಟು ಬಿಡು."

ಯಾರು ಎಂದು ಅವನು ಕೇಳಲಿಲ್ಲ. ಗಿಡದ ಪಕ್ಕ ತಾನೇ ಚಕ್ಕಳಮಕ್ಕಳ ಹಾಕಿ ಕುಳಿತು, ಎರಡೂ ಮಂಡಿಗಳ ಆಚೆ ಸೀಮೆಸುಣ್ಣದಿಂದ ಗೆರೆ ಎಳೆದ. ಅಪ್ಪ ನೋಡಿ, ಇನ್ನೂ ಒಂದು ಗೇಣು ಬಿಡು ಎಂದ.